ಎರಡು ಬೆರಳು ವೈರು

ಈಗ ಹೇಳಿದರೆ ಊಟ ಕೆಡುತ್ತದೆ. ಊಟ ಮುಗಿಯಲಿ ಎಂದು ಕಾದರೆ ಅಷ್ಟರಲ್ಲಿ ಮಗಳು ಫಾರ್ಮು ತುಂಬಿಬಿಟ್ಟಿರುತ್ತಾಳೆ. ಬೇಡ ಎಂದಷ್ಟೇ ಹೇಳಿ ಸುಮ್ಮನಾದರೆ? ಯಾಕೆ ಬೇಡ ಎಂದು ಕೇಳುತ್ತಾಳೆ. ಅದಕ್ಕೆ ಉತ್ತರ ಕೊಟ್ಟರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ. ಅಲ್ಲಿಗೆ ಬಂದು ಅವನ ಯೋಚನೆ ನಿಂತಿತು. ತಟ್ಟೆಯಲ್ಲಿದ್ದ ಬಟಾಣಿಗಳನ್ನು ಒಂದೊಂದಾಗಿ ಅಂಚಿಗೆ ಸರಿಸುತ್ತ ಕುಳಿತ.

ಭಾನುವಾರದ ಮಧ್ಯಾಹ್ನ. ಮನೆಯ ನಾಲ್ವರೂ ಅಡುಗೆಮನೆಯ ಸಣ್ಣ ಮೇಜಿನ ಸುತ್ತ ಕುಳಿತಿದ್ದರು. ಅನ್ನದ ಪಾತ್ರೆಯ ಪಕ್ಕದಲ್ಲೇ ಮಗಳ ಫಾರ್ಮು, ಎರಡೆಲೆಯ ಚಿತ್ರವಿದ್ದ ಒಂದು ಕರಪತ್ರ. ಹದಿನೈದರ ಹುಡುಗಿ, ಯಾವ ಮಾತಿಗೂ ಎದುರುಮಾತು ಸಿದ್ಧವಿರುತ್ತಿದ್ದುದರಿಂದ ಮನೆಯಲ್ಲೂ ಬೀದಿಯಲ್ಲೂ ಅವಳಿಗೆ ಲಾಯರ್ ಎಂದೇ ಹೆಸರು.

"ಅಮ್ಮ, ಇಸ್ತ್ರಿ ಪೆಟ್ಟಿಗೆ ಎಷ್ಟು ವರ್ಷದ್ದು?"

"ನಿನಗಿಂತ ದೊಡ್ಡದು."

"ಹಾಗಂತ ಬರೆಯೋಕಾಗಲ್ಲ. ವರ್ಷ ಹೇಳು."

"ಇಪ್ಪತ್ತು ಅಂತ ಬರಿ. ನಿನಗಿಂತ ಚೆನ್ನಾಗಿ ಮಾತು ಕೇಳುತ್ತೆ, ಅದನ್ನೂ ಬರಿ."

ತಾತ ನಕ್ಕರು. ನಲವತ್ತು ವರ್ಷ ಫ್ಯಾನು, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ರಿಪೇರಿ ಮಾಡಿದವರು. ಅಂಗಡಿ ಮುಚ್ಚಿದ ಮೇಲೂ ಜಗಲಿಯ ಮೇಲೆ ಒಂದು ಮಣೆ, ಒಂದು ಡಬ್ಬಿ ಸ್ಕ್ರೂ, ಒಂದು ಟೆಸ್ಟರ್ ಇಟ್ಟುಕೊಂಡು ಕುಳಿತಿರುತ್ತಿದ್ದರು. "ಅದಕ್ಕೆ ನಾನು ಎರಡು ಸಲ ಕಾಯಿಲ್ ಹಾಕಿದ್ದೀನಿ. ಇನ್ನೂ ಇಪ್ಪತ್ತು ವರ್ಷ ಓಡುತ್ತೆ. ಅದನ್ನ ಯಾಕೆ ಕೊಡಬೇಕು ಲಾಯರ್ ಸಾಹೇಬ್ರೇ?"

"ಹೊಸದು ನೂರಕ್ಕೆ ಮೂವತ್ತು ಭಾಗ ಕಡಿಮೆ ಕರೆಂಟು ತಿನ್ನುತ್ತೆ ತಾತ. ಹಳೇದು ಕೊಟ್ರೆ ಅರ್ಧ ಬೆಲೆ. ಸ್ಕೂಲಿಂದ ಐವತ್ತು ಹಳೇ ಸಾಮಾನು ಕೊಟ್ರೆ ಹಸಿರು ಶಾಲೆ ಅಂತ ಫಲಕ ಕೊಡ್ತಾರೆ. ನಮ್ಮ ಬೀದೀಲೇ ನಾನು ಮೂವತ್ತೊಂದು ಒಟ್ಟು ಮಾಡಿದ್ದೀನಿ. ನಮ್ಮನೇದೇ ಕೊಡದಿದ್ರೆ ಜನ ಏನಂತಾರೆ?"

"ಇಷ್ಟು ದಿನ ಏನಂತಿದ್ರು?"

"ತಾತ!"

ಅದು ಅವನು ಕೆಲಸ ಮಾಡುತ್ತಿದ್ದ ಕಂಪನಿಯದೇ ಯೋಜನೆ. ಹೆಂಡತಿ ಅವನ ಕಡೆ ತಿರುಗಿದಳು. ಆ ಮನೆಗೆ ಬರುತ್ತಿದ್ದ ದುಡ್ಡಿನಲ್ಲಿ ಅರ್ಧ ಅವಳದು. ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನ ಬೆಡ್‌ಶೀಟುಗಳನ್ನು ಮನೆಯಲ್ಲೇ ಇಸ್ತ್ರಿ ಮಾಡಿಕೊಡುತ್ತಿದ್ದಳು. ದಿನಕ್ಕೆ ನಲವತ್ತು ಬೆಡ್‌ಶೀಟು, ಅಷ್ಟೇ ದಿಂಬಿನ ಚೀಲ.

"ರೀ, ನೀವು ಅಲ್ಲೇ ಇರೋರು. ಹೇಳಿ, ಚೆನ್ನಾಗಿದೆಯಾ ಅದು?"

"ಜನ ತಗೊಳ್ತಿದ್ದಾರೆ."

"ಜನ ಎಲ್ಲಾನೂ ತಗೊಳ್ತಾರೆ. ನಾನು ಕೇಳಿದ್ದು ಅದಲ್ಲ."

"ಉಪಯೋಗಿಸಿ ನೋಡಬೇಕು," ಎಂದ.

"ಆರು ವರ್ಷದಿಂದ ಹೋಗ್ತಿದ್ದೀಯ. ಅಲ್ಲಿ ನೀನು ಮಾಡೋದೇನು ಅಂತ ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ," ಎಂದರು ತಾತ.

"ವಿಂಗಡಣೆ ಅಪ್ಪ."

"ವಿಂಗಡಿಸಿ?"

"ಮುಂದಕ್ಕೆ ಕಳಿಸ್ತೀವಿ."

"ಇಲ್ಲಿ ಬರೆದಿದೆ ಕೇಳಿ," ಎಂದು ಮಗಳು ಕರಪತ್ರ ಎತ್ತಿಕೊಂಡಳು. "ಕೆಟ್ಟದ್ದನ್ನ ಬಿಚ್ಚಿ ತಾಮ್ರ ಬೇರೆ, ಪ್ಲಾಸ್ಟಿಕ್ ಬೇರೆ ಮಾಡ್ತಾರಂತೆ. ಚಾಲೂ ಇರೋದನ್ನ ಪರೀಕ್ಷೆ ಮಾಡಿ ಇಲ್ಲದವರ ಮನೆಗೆ ಕೊಡ್ತಾರಂತೆ. ಅಲ್ವಾ ಅಪ್ಪ?"

ಅವನು ನೀರು ಕುಡಿಯುತ್ತಿದ್ದ. ಲೋಟ ಕೆಳಗಿಡುವಷ್ಟರಲ್ಲಿ ತಾತ ಮಾತನಾಡಿದ್ದರು.

"ಇಲ್ಲದವರಿಗೆ ಕೊಡ್ತಾರಾ? ಹಾಗಾದ್ರೆ ಅದು ಬೇರೆ ಮಾತು. ಕೊಡಮ್ಮ, ಕೊಟ್ಟುಬಿಡು. ಯಾವುದೋ ಮನೇಲಿ ಇನ್ನೊಂದಿಪ್ಪತ್ತು ವರ್ಷ ಓಡಲಿ."

ಸಂಜೆ ತಾತ ಪೇಟೆಗೆ ಹೋಗಿ, ಬಟ್ಟೆ ಹೆಣೆದ ಕಪ್ಪು ಬಿಳಿ ಚುಕ್ಕಿಯ ಹೊಸ ವೈರು ತಂದರು. ಹಳೆಯ ವೈರು ಪ್ಲಗ್ಗಿನ ಹತ್ತಿರ ಸ್ವಲ್ಪ ಸುಟ್ಟಿತ್ತು. ಯಾರ ಮನೆಗೋ ಹೋಗುವುದು, ಹೋದ ದಿನವೇ ತೊಂದರೆ ಕೊಡಬಾರದು ಎಂದು ಅದನ್ನು ಬದಲಿಸಿದರು. ತಳಕ್ಕೆ ಉಪ್ಪು ತಿಕ್ಕಿ ಹೊಳಪು ಮಾಡಿ, ವೈರನ್ನು ಹಿಡಿಗೆ ಸುತ್ತಿ ಮೊಮ್ಮಗಳ ಕೈಗೆ ಕೊಟ್ಟರು.

ಅವನು ಬಾಗಿಲಲ್ಲಿ ನಿಂತು ನೋಡಿದ.

*

ಹೊಸ ಇಸ್ತ್ರಿ ಪೆಟ್ಟಿಗೆ ನೋಡಲು ಚೆಂದವಾಗಿತ್ತು. ಹಿಡಿಗೆ ಬಿದಿರಿನ ಬಣ್ಣ. ಬಿದಿರಲ್ಲ, ಬಿದಿರಿನ ಗೆರೆ ಮುದ್ರಿಸಿದ ಪ್ಲಾಸ್ಟಿಕ್ಕು. ಮೂಗಿನ ಮೇಲೆ ಎರಡೆಲೆಯ ಆಕಾರದ ಒಂದು ಸಣ್ಣ ದೀಪ. ಕರೆಂಟು ಉಳಿಸುತ್ತಿರುವಾಗ ಅದು ಹಸಿರಾಗಿ ಉರಿಯುತ್ತಿತ್ತು. ಅಂದರೆ, ಪೆಟ್ಟಿಗೆ ಕಾಯುವುದನ್ನು ನಿಲ್ಲಿಸಿದಾಗ.

ಮೊದಲ ದಿನವೇ ಹೆಂಡತಿಗೆ ಅದರ ಗುಣ ತಿಳಿಯಿತು. ಒಂದು ಬೆಡ್‌ಶೀಟಿನ ಅರ್ಧಕ್ಕೆ ಬರುವಷ್ಟರಲ್ಲಿ ಎಲೆ ಹಸಿರಾಗುತ್ತಿತ್ತು. ಕಾಯಬೇಕು. ಮತ್ತೆ ಬಿಸಿಯಾಗಬೇಕು. ಹಗುರವಾಗಿದ್ದುದರಿಂದ ಭುಜ ಊರಿ ಒತ್ತಬೇಕು. ಊಟದ ಹೊತ್ತಿಗೆ ಮುಗಿಯುತ್ತಿದ್ದ ಕೆಲಸ ದೀಪ ಹಚ್ಚುವವರೆಗೂ ನಡೆಯತೊಡಗಿತು. ಅಡುಗೆ ಹಿಂದೆ ಬಿತ್ತು. ಮೂರು ದಿನ ಮಧ್ಯಾಹ್ನ ಬ್ರೆಡ್ಡು, ಬೇಯಿಸಿದ ಮೊಟ್ಟೆ.

"ಇವತ್ತೂ ಮೊಟ್ಟೇನಾ?" ಎಂದಳು ಮಗಳು.

"ನಿನ್ನ ಎಲೆಗೆ ಹೇಳು, ಅನ್ನ ಮಾಡುತ್ತೆ."

"ಅಮ್ಮ, ನೀನು ಅದನ್ನ ಹಳೇ ಪೆಟ್ಟಿಗೆ ತರ ಉಪಯೋಗಿಸ್ತಿದ್ದೀಯ. ಪುಸ್ತಕದಲ್ಲಿ ಬರೆದಿದೆ, ಬಟ್ಟೆಗಳ ನಡುವೆ ಬಿಡುವು ಕೊಡಬೇಕು ಅಂತ."

"ಬಿಡುವು ಪೆಟ್ಟಿಗೆಗೋ ನನಗೋ? ಲಾಡ್ಜಿನವನು ನನಗೆ ಬಿಡುವು ಕೊಡ್ತಾನಾ? ನಿನ್ನೆ ಎಂಟು ಬೆಡ್‌ಶೀಟು ವಾಪಸ್ ಕಳಿಸಿದ್ದಾನೆ, ನೆರಿಗೆ ಹೋಗಿಲ್ಲ ಅಂತ. ಹೀಗೇ ಆದ್ರೆ ಬೇರೆಯವರಿಗೆ ಕೊಡ್ತೀನಿ ಅಂದ."

ತಾತ ಎದ್ದು ಹೋಗಿ, ಬಾಗಿಲ ಮೇಲಿನ ಕರೆಂಟಿನ ಮೀಟರನ್ನು ಸ್ಟೂಲಿನ ಮೇಲೆ ಹತ್ತಿ ನೋಡಿದರು. ಇಸ್ತ್ರಿ ಪೆಟ್ಟಿಗೆಯದೊಂದನ್ನು ಬಿಟ್ಟು ಮನೆಯ ಎಲ್ಲ ಸ್ವಿಚ್ಚುಗಳನ್ನು ಆರಿಸಿದರು. ಹೋಗಿ ಸೊಸೆಯ ಪಕ್ಕದಲ್ಲಿ ಕುಳಿತು ಬೆಡ್‌ಶೀಟು ಎಣಿಸುತ್ತ ಬಂದರು. ಎರಡು ದಿನ ಹೀಗೆ ಮಾಡಿದರು. ಮೂರನೆಯ ದಿನ ಸಂಜೆ ಎಲ್ಲರೂ ಟೀ ಕುಡಿಯುವಾಗ ಹೇಳಿದರು:

"ಹಳೇ ಪೆಟ್ಟಿಗೇಲಿ ಒಂದು ಯೂನಿಟ್ಟಿಗೆ ಇಪ್ಪತ್ತೆರಡು ಬೆಡ್‌ಶೀಟು ಆಗ್ತಿತ್ತು. ನಾನೇ ಎಷ್ಟೋ ಸಲ ನೋಡಿದ್ದೀನಿ. ಇದರಲ್ಲಿ ಹದಿನೇಳು."

"ಅದು ಹೇಗೆ ತಾತ? ಡಬ್ಬದ ಮೇಲೆ ಮೂವತ್ತು ಭಾಗ ಉಳಿತಾಯ ಅಂತ..."

"ಒಂದು ಗಂಟೆಗೆ ಕಡಿಮೆ ತಿನ್ನುತ್ತೆ, ನಿಜ. ನಿಮ್ಮಮ್ಮ ಎರಡು ಗಂಟೆ ನಿಲ್ಲಬೇಕು, ಅದನ್ನ ಡಬ್ಬದ ಮೇಲೆ ಬರೆದಿಲ್ಲ."

ಲಾಯರು ಡಬ್ಬ ತಂದು ಮತ್ತೊಮ್ಮೆ ಓದಿದಳು. ಅಪ್ಪನ ಕಡೆ ನೋಡಿದಳು. ಅವನು ಬಸಿಯಲ್ಲಿ ಚೆಲ್ಲಿದ್ದ ಟೀಯನ್ನು ಲೋಟಕ್ಕೆ ಸುರಿದುಕೊಳ್ಳುತ್ತಿದ್ದ.

*

ಕಂಪನಿಯ ಹಳೆ ಸಾಮಾನಿನ ಗೋದಾಮು ಊರ ಹೊರಗೆ, ತಗಡಿನ ಮಾಡಿನ ಒಂದು ಉದ್ದನೆಯ ಕಟ್ಟಡ. ಒಂದು ತುದಿಯಲ್ಲಿ ಲಾರಿ ಬಂದು ಸುರಿಯುತ್ತಿತ್ತು, ಇನ್ನೊಂದು ತುದಿಯಲ್ಲಿ ಬೇರೆ ಲಾರಿ ತುಂಬಿಕೊಂಡು ಹೋಗುತ್ತಿತ್ತು. ನಡುವೆ ಒಂದು ಬೆಂಚು. ಬೆಂಚಿಗೆ ಬಿಗಿದ ಉದ್ದ ಹಿಡಿಯ ಕಟ್ಟರ್. ಆ ಬೆಂಚಿನ ಹಿಂದೆ ಅವನು.

ಅವನ ಕೆಲಸ ವೈರು ಕತ್ತರಿಸುವುದು. ಎಡಗೈಯಲ್ಲಿ ಸಾಮಾನು ಎಳೆದುಕೊಳ್ಳಬೇಕು, ವೈರನ್ನು ಬುಡಕ್ಕೆ ಕತ್ತರಿಸಬೇಕು, ಬಲಕ್ಕೆ ಎಸೆಯಬೇಕು. ದಿನಕ್ಕೆ ಐನೂರು ಅರುನೂರು. ಕತ್ತರಿಸಿದ್ದು ಯಾರ ಮನೆಗೂ ಮತ್ತೆ ಹೋಗಬಾರದು, ಹೋದರೆ ಆ ಮನೆಯವರು ಹೊಸದು ಕೊಳ್ಳುವುದಿಲ್ಲ. ಸಾಯಂಕಾಲ ಸೂಪರ್‌ವೈಸರ್ ಬಂದು ರಾಶಿಯ ಫೋಟೋ ತೆಗೆಯುತ್ತಿದ್ದ. ಪಟ್ಟಿಯಲ್ಲಿ 'ಸ್ಥಿತಿ' ಎಂಬ ಕಡೆ 'ಕೆಟ್ಟಿದೆ' ಎಂದು ಮೊದಲೇ ಅಚ್ಚಾಗಿರುತ್ತಿತ್ತು. ಸಂಖ್ಯೆ ಮಾತ್ರ ಬರೆಯಬೇಕು.

ಸೇರಿದ ಹೊಸದರಲ್ಲಿ ಅವನು ಕೆಲವನ್ನು ಗೋಡೆಯ ಪ್ಲಗ್ಗಿಗೆ ಹಾಕಿ ನೋಡುತ್ತಿದ್ದ. ಹತ್ತರಲ್ಲಿ ಎಂಟು ಚಾಲೂ ಆಗುತ್ತಿದ್ದವು. ಕೈಯಲ್ಲಿ ತಿರುಗುವ ಫ್ಯಾನನ್ನು ಆರಿಸಿ ಕತ್ತರಿಸುವುದು ಒಂದು ತರಹ ಆಗುತ್ತಿತ್ತು. ಆಮೇಲೆ ಹಾಕಿ ನೋಡುವುದನ್ನು ಬಿಟ್ಟ.

ಒಂದು ಮಾತ್ರ ಬಿಡಲಿಲ್ಲ. ಬುಡಕ್ಕೆ ಕತ್ತರಿಸುತ್ತಿರಲಿಲ್ಲ, ಎರಡು ಬೆರಳಿನಷ್ಟು ವೈರು ಉಳಿಸುತ್ತಿದ್ದ. ಚಿಕ್ಕಂದಿನಲ್ಲಿ ಅಪ್ಪನ ಅಂಗಡಿಯಲ್ಲಿ ಕಲಿತದ್ದು. ಮುಂದೆ ಜೋಡಿಸುವವನಿಗೆ ಹಿಡಿಯಲು ಏನಾದರೂ ಇರಬೇಕು.

"ಎಷ್ಟು ಸಲ ಹೇಳೋದು, ಬುಡಕ್ಕೆ ಹಾಕಿ ಅಂತ," ಎನ್ನುತ್ತಿದ್ದ ಸೂಪರ್‌ವೈಸರ್.

"ಕಟ್ಟರ್ ಒಳಕ್ಕೆ ಹೋಗಲ್ಲ ಸಾರ್."

ಶಾಲೆಯ ಮೂಟೆಗಳು ಬಂದದ್ದು ಒಂದು ಗುರುವಾರ. ಕೆಳಮನೆಯ ನರ್ಸಮ್ಮನ ಟೇಬಲ್ ಫ್ಯಾನು ಅವನಿಗೆ ಗುರುತು ಸಿಕ್ಕಿತು. ಅದರ ರೆಕ್ಕೆಗೆ ಅವಳು ಕೆಂಪು ಉಗುರುಬಣ್ಣದ ಬೊಟ್ಟು ಇಟ್ಟಿದ್ದಳು. ಬೀದಿಯ ಬೇಕರಿಯವಳ ಕೆಟಲ್ ಸಿಕ್ಕಿತು. ಆಮೇಲೆ ಕಪ್ಪು ಬಿಳಿ ಚುಕ್ಕಿಯ ಹೊಸ ವೈರು ಕೈಗೆ ಬಂತು. ಎಳೆದ. ಇಸ್ತ್ರಿ ಪೆಟ್ಟಿಗೆಯ ತಳ ಕನ್ನಡಿಯ ಹಾಗಿತ್ತು.

ಚೀಲದಲ್ಲಿ ಹಾಕಿಕೊಂಡು ಹೋಗಬಹುದಿತ್ತು. ಗೇಟಿನಲ್ಲಿ ಚೀಲ ಬಿಚ್ಚಿ ನೋಡುತ್ತಾರೆ. ಬದಿಗಿಡಬಹುದಿತ್ತು. ಬದಿಗಿಟ್ಟು? ಸೂಪರ್‌ವೈಸರ್ ಆ ಹೊತ್ತಿಗೆ ಅಲ್ಲಿರಲಿಲ್ಲ. ಅವನನ್ನು ನೋಡುವವರು ಯಾರೂ ಇರಲಿಲ್ಲ. ಎರಡು ಬೆರಳು ಅಳೆದು ಕತ್ತರಿಸಿದ.

*

ಐದನೆಯ ವಾರ ಹೊಸ ಪೆಟ್ಟಿಗೆ ನಿಂತುಹೋಯಿತು. ಎಲೆ ಹಸಿರಾಗಿ ಉರಿಯುತ್ತಲೇ ಇತ್ತು, ತಳ ಬೆಚ್ಚಗೂ ಆಗಲಿಲ್ಲ.

ತಾತ ಅದನ್ನು ಮಡಿಲಲ್ಲಿಟ್ಟುಕೊಂಡು ಒಂದು ಬೆಳಗೆಲ್ಲ ತಿರುಗಿಸಿ ತಿರುಗಿಸಿ ನೋಡಿದರು. ಒಂದೇ ಒಂದು ಸ್ಕ್ರೂ ಕಾಣಲಿಲ್ಲ. ಎಲ್ಲ ಅಂಟು. "ಇದನ್ನ ಮಾಡಿದವನಿಗೆ ಮೊದಲೇ ಗೊತ್ತು," ಎಂದರು. "ಕೆಡುತ್ತೆ ಅಂತಾನೂ ಗೊತ್ತು, ನನ್ನಂಥವನು ಬಿಚ್ಚಿ ನೋಡ್ತಾನೆ ಅಂತಾನೂ ಗೊತ್ತು."

ಮಗಳು ಕಂಪನಿಗೆ ಫೋನು ಮಾಡಿದಳು. ಸ್ಪೀಕರಿನಲ್ಲಿ ಮಾತು ಎಲ್ಲರಿಗೂ ಕೇಳಿಸಿತು. ಮನೆಯಲ್ಲಿ ಬಳಸುವ ವಸ್ತುವನ್ನು ವ್ಯಾಪಾರಕ್ಕೆ ಬಳಸಿದ್ದೀರಿ, ಗ್ಯಾರಂಟಿ ಅನ್ವಯಿಸುವುದಿಲ್ಲ. ರಿಪೇರಿ ಇಲ್ಲ. ಹತ್ತಿರದ ಅಂಗಡಿಗೆ ಹಿಂತಿರುಗಿಸಿದರೆ ಮುಂದಿನ ಹಸಿರು ಖರೀದಿಗೆ ರಿಯಾಯಿತಿ ಇದೆ. ಭೂಮಿಯನ್ನು ಉಳಿಸಿದ್ದಕ್ಕೆ ಧನ್ಯವಾದ.

"ಇಪ್ಪತ್ತು ವರ್ಷ ಇದೇ ಮನೆಯಲ್ಲಿ ಇದೇ ಬಟ್ಟೆ ಇಸ್ತ್ರಿ ಮಾಡಿದ್ದೀನಿ," ಎಂದಳು ಹೆಂಡತಿ. "ಆ ಹಳೇ ಪೆಟ್ಟಿಗೆ ಒಂದು ದಿನ ನನ್ನನ್ನ ಕೇಳಲಿಲ್ಲ, ಇದು ಮನೆಯದೋ ವ್ಯಾಪಾರದ್ದೋ ಅಂತ."

ಅವಳ ಪೆಟ್ಟಿಗೆಯೊಂದೇ ಅಲ್ಲ. ಬೇಕರಿಯವಳು ಕೆಟಲ್ ಹಿಡಿದುಕೊಂಡು ಬಂದಳು. ಅದರ ಗುಂಡಿ ಒತ್ತಿದರೆ ಒಳಗೆ ಹೋಗಿ ಅಲ್ಲೇ ಉಳಿಯುತ್ತಿತ್ತು. ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಬಂದವಳು ನಿದ್ದೆಗೆಟ್ಟ ಕಣ್ಣಿನಲ್ಲೇ ಜಗಲಿ ಹತ್ತಿದಳು.

"ಲಾಯರಮ್ಮ, ಕಂಪನಿಯವರ ಮಾತು ಕೇಳಿ ನಾನು ಫ್ಯಾನು ಕೊಡಲಿಲ್ಲ. ನಿನ್ನ ಮುಖ ನೋಡಿ ಕೊಟ್ಟೆ. ಹೊಸದು ಇಪ್ಪತ್ತು ನಿಮಿಷಕ್ಕೊಂದು ಸಲ ತಾನೇ ನಿಲ್ಲುತ್ತೆ. ಹಗಲು ಮಲಗೋಳು ನಾನು, ಇಪ್ಪತ್ತು ನಿಮಿಷಕ್ಕೊಂದು ಸಲ ಏಳಬೇಕು."

"ಆಂಟಿ, ನಾನು..."

"ನನಗೆ ಹೊಸದು ಬೇಡ ಕಣೆ. ನನ್ನ ಹಳೇದು ಕೊಡಿಸು. ನಿಮ್ಮಪ್ಪ ಅಲ್ಲೇ ಇರ್ತಾರಲ್ಲ."

ಹುಡುಗಿ ಒಳಗೆ ಬಂದು ಅಪ್ಪನ ಮುಂದೆ ನಿಂತಳು. "ಅಪ್ಪ, ಚಾಲೂ ಇರೋವನ್ನ ಬೇರೆ ಇಡ್ತಾರಲ್ಲ. ಕೇಳಿ ತರ್ತೀಯಾ? ಫ್ಯಾನು, ಕೆಟಲ್, ನಮ್ಮ ಪೆಟ್ಟಿಗೆ. ಮೂರೇ."

"ಅವು ಹೋಗಿಬಿಟ್ಟಿವೆ."

"ಎಲ್ಲಿಗೆ?"

"ಮುಂದಕ್ಕೆ."

"ಮುಂದಕ್ಕೆ ಅಂದ್ರೆ ಯಾರ ಮನೆಗೆ?"

"ಅಷ್ಟೆಲ್ಲಾ ನಮಗೆ ಹೇಳಲ್ಲ," ಎಂದು ಅವನು ಚಪ್ಪಲಿ ಹಾಕಿಕೊಂಡು ಹೊರಟ.

ತಾತನಿಗೆ ಹಳೆ ಸಾಮಾನಿನ ಗುಜರಿಯವನು ನಲವತ್ತು ವರ್ಷದ ಪರಿಚಯ. ಬಿಡಿಭಾಗ ಬೇಕಾದಾಗಲೆಲ್ಲ ಅವನ ಅಂಗಳದಲ್ಲೇ ಹುಡುಕುತ್ತಿದ್ದರು. ಸೊಸೆಗೊಂದು ಹಳೆಯ ಇಸ್ತ್ರಿ ಪೆಟ್ಟಿಗೆ ಸಿಗಬಹುದೆಂದು ಮರುದಿನ ಅಲ್ಲಿಗೆ ಹೋದರು. ಗುಜರಿಯವನು ಹಿಂದಿನ ಅಂಗಳ ತೋರಿಸಿದ. "ನೋಡಿ ಯಜಮಾನ್ರೇ, ಬೆಟ್ಟ ಬಿದ್ದಿದೆ. ಎಲೆ ಕಂಪನಿಯದು. ತೂಕಕ್ಕೆ ಬರುತ್ತೆ. ವೈರು ಸುಟ್ಟು ತಾಮ್ರ ತೆಗೀತೀವಿ, ಉಳಿದದ್ದು ಹಳ್ಳಕ್ಕೆ."

ತಾತ ಎರಡು ಗಂಟೆ ಆ ಬೆಟ್ಟದ ಮೇಲೆ ಕುಳಿತಿದ್ದರು. ಮನೆಗೆ ಬರುವಾಗ ಅವರ ಚೀಲದಲ್ಲಿ ಸೊಸೆಯ ಪೆಟ್ಟಿಗೆ ಇತ್ತು. ತಮ್ಮ ಬೀದಿಯದೆಂದು ಗುರುತು ಸಿಕ್ಕಿದ ಇನ್ನೂ ಹನ್ನೊಂದು ಸಾಮಾನನ್ನು ಕೈಗಾಡಿಯಲ್ಲಿ ತರಿಸಿದರು. ಜಗಲಿಯಲ್ಲಿ ಒಂದೊಂದಕ್ಕೂ ತಾತ್ಕಾಲಿಕವಾಗಿ ವೈರು ಸಿಕ್ಕಿಸಿ ನೋಡಿದರು. ಹನ್ನೆರಡರಲ್ಲಿ ಹತ್ತು ಚಾಲೂ ಆದವು.

ಮಗಳು ಶಾಲೆಯಿಂದ ಬಂದವಳು ಚೀಲ ಇಳಿಸದೆ ನೋಡುತ್ತ ನಿಂತಳು. "ತಾತ, ಇವು ಕೆಟ್ಟಿರಲೇ ಇಲ್ಲ."

"ಇಲ್ಲ."

"ಇದು ನೀವು ಹಾಕಿದ ಹೊಸ ವೈರಿನ ತುಂಡು..."

"ಹೌದು."

"ಯಾರು ಕತ್ತರಿಸಿದ್ದು? ಯಾವ ದರಿದ್ರದವನು ತಾತ ಇದನ್ನ ಮಾಡೋದು? ಚಾಲೂ ಇರೋದನ್ನ ಕೈಯಲ್ಲಿ ಹಿಡ್ಕೊಂಡು ಕತ್ತರಿಸೋಕೆ ಅವನಿಗೆ ಮನಸ್ಸಾದ್ರೂ ಹೇಗೆ ಬರುತ್ತೆ?"

ತಾತ ಬೆಡ್‌ಶೀಟಿನ ರಾಶಿಯ ಕಡೆ ಕೈ ತೋರಿಸಿದರು. "ಮೊದಲು ನಿಮ್ಮಮ್ಮನಿಗೆ ಇದನ್ನ ಕೊಡು. ಕೆಲಸ ನಿಂತಿದೆ."

ಮರುದಿನ ಬೆಳಿಗ್ಗೆ ಅವನು ಹಿತ್ತಲ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಾಗ ತಾತ ಬಂದರು. ಅಂಗೈಯಲ್ಲಿ ಆ ಸಾಮಾನುಗಳಿಂದ ಬಿಚ್ಚಿ ತೆಗೆದ ವೈರಿನ ನಾಲ್ಕು ತುಂಡುಗಳಿದ್ದವು. ಅವನ ಮುಂದೆ ಕಟ್ಟೆಯ ಮೇಲೆ ಒಂದರ ಪಕ್ಕ ಒಂದು ಇಟ್ಟರು. ನಾಲ್ಕೂ ಒಂದೇ ಉದ್ದ.

"ಇದನ್ನ ನಿನಗೆ ಹೇಳಿಕೊಟ್ಟವನು ನಾನು. ಈ ಊರಲ್ಲಿ ಇನ್ಯಾರೂ ಹೀಗೆ ಬಿಡಲ್ಲ."

ಅವನು ಟವೆಲಿಗೆ ಕೈ ಹಾಕಿದ.

"ಇದೇನಾ ವಿಂಗಡಣೆ?"

"ಅಪ್ಪ, ನಾನು ಬಿಟ್ರೆ ನಾಳೆ ಇನ್ನೊಬ್ಬ ಬರ್ತಾನೆ. ಅವನು ಬುಡಕ್ಕೇ ಕತ್ತರಿಸ್ತಾನೆ. ನಾನಾದ್ರೂ ಎರಡು ಬೆರಳು..."

"ಬಿಡ್ತೀಯ. ಹೌದು, ಬಿಡ್ತೀಯ. ಕುತ್ತಿಗೆ ಕುಯ್ದು, ಮುಖಕ್ಕೆ ಪೌಡರ್ ಹಚ್ಚಿ ಕಳಿಸ್ತೀಯ. ಯಾರಿಗೋ ಇದು ನಿನ್ನ ಉಪಕಾರ? ಅದು ಹೋಗೋದು ಬೆಂಕಿಗೆ. ಅಲ್ಲಿ ಯಾವ ರಿಪೇರಿಯವನು ಕಾದು ಕೂತಿದ್ದಾನೆ?"

"ಈ ವಯಸ್ಸಲ್ಲಿ ನನಗೆ ಬೇರೆ ಕೆಲಸ ಯಾರು ಕೊಡ್ತಾರೆ?"

"ಕೆಲಸ ಬಿಡು ಅಂತ ನಾನು ಹೇಳಿದ್ನಾ? ಹೊಟ್ಟೆಪಾಡು ನನಗೂ ಗೊತ್ತು. ಕರಪತ್ರ ಓದುವಾಗ ಅವಳು ನಿನ್ನನ್ನೇ ಕೇಳಿದಳು, ಅಲ್ವಾ ಅಪ್ಪ ಅಂತ. ನೀನು ನೀರು ಕುಡಿದೆ. ನಾನು ದಡ್ಡನ ಹಾಗೆ ಹೊಸ ವೈರು ತಂದು ಹಾಕಿದೆ. ಬಾಗಿಲಲ್ಲಿ ನಿಂತು ನೋಡಿದೆಯಲ್ಲೋ ನೀನು!" ಒಳಗೆ ಕೇಳಿಸೀತೆಂದು ತಾತ ದನಿ ತಗ್ಗಿಸಿದರು. "ಇಡೀ ಬೀದಿ ಅವಳ ಮೊಕ ನೋಡ್ತಿದೆ. ಅವಳಿಗೆ ನೀನೇ ಹೇಳು. ನಾನು ಹೇಳಲ್ಲ. ಮಗನ ಮೇಲೆ ಮೊಮ್ಮಗಳ ಹತ್ತಿರ ದೂರು ಹೇಳೋ ಜಾತಿ ನನ್ನದಲ್ಲ."

"ಹೇಳ್ತೀನಿ."

"ಯಾವಾಗ?"

ನಲ್ಲಿ ಹರಿಯುತ್ತಲೇ ಇತ್ತು. ತಾತನೇ ಬಗ್ಗಿ ನಿಲ್ಲಿಸಿ ಹೋದರು.

*

ಫಲಕ ಕೊಡುವ ಸಮಾರಂಭ ಶನಿವಾರ ಎಂದು ಗೊತ್ತಾಯಿತು. ಹಿಂದಿನ ದಿನ ಮನೆಯಲ್ಲಿ ದೊಡ್ಡ ಜಗಳ.

"ನಾನು ಮೈಕಿನಲ್ಲೇ ಕೇಳ್ತೀನಿ," ಎಂದಳು ಮಗಳು. "ಅವರೂ ಬರ್ತಾರೆ, ಕಂಪನಿಯವರು. ಚಾಲೂ ಇರೋದನ್ನ ಕತ್ತರಿಸಿ ಗುಜರಿಗೆ ಯಾಕೆ ಹಾಕಿದ್ರಿ ಅಂತ ಕೇಳ್ತೀನಿ."

"ನಿಮ್ಮಪ್ಪ ಅಲ್ಲಿ ಕೆಲಸ ಮಾಡ್ತಾರೆ. ಅದು ನೆನಪಿರಲಿ," ಎಂದಳು ತಾಯಿ, ಇಸ್ತ್ರಿ ಮಾಡುವುದನ್ನು ನಿಲ್ಲಿಸದೆ.

"ಅಪ್ಪ ತಪ್ಪು ಮಾಡಿಲ್ಲವಲ್ಲ. ಮಾಡಿದವರು ಹೆದರಲಿ."

"ಎಲ್ಲಾ ನಿನ್ನ ಪುಸ್ತಕದ ಹಾಗೆ ಇರಲ್ಲ."

"ನರ್ಸ್ ಆಂಟಿ ನನ್ನ ಜೊತೆ ಮಾತು ಬಿಟ್ಟಿದ್ದಾರೆ ಅಮ್ಮ. ಅದೂ ಪುಸ್ತಕದಲ್ಲಿಲ್ಲ."

ತಾಯಿ ಇನ್ನೊಂದು ಬೆಡ್‌ಶೀಟು ಹಾಸಿಕೊಂಡಳು. ಅಪ್ಪನ ಹತ್ತಿರ ಹೋಗಿ ಕುಳಿತಳು ಹುಡುಗಿ. ಅವನು ತನ್ನ ಸಮವಸ್ತ್ರದ ಗುಂಡಿ ಹೊಲಿದುಕೊಳ್ಳುತ್ತಿದ್ದ. ಮಗಳೇ ಅತಿ ಹೆಚ್ಚು ಸಾಮಾನು ತಂದವಳೆಂದು, ಸಮವಸ್ತ್ರದಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂರಬೇಕೆಂದು ಸೂಪರ್‌ವೈಸರ್ ಹೇಳಿ ಕಳಿಸಿದ್ದ.

"ಅಪ್ಪ, ಕತ್ತರಿಸೋರು ಯಾರು ಅಂತ ನಿನಗೆ ಗೊತ್ತಿರುತ್ತೆ ಅಲ್ವಾ? ಹೆಸರು ಹೇಳಬೇಡ. ಚಾಲೂ ಇದ್ವು ಅಂತ ಅವರೊಬ್ಬರು ಹೇಳಿದ್ರೆ ಸಾಕು."

ತಾತ ಬಾಗಿಲಲ್ಲಿ ನಿಂತಿದ್ದರು. ಅವನು ದಾರ ಕಚ್ಚಿ ತುಂಡು ಮಾಡಿದ.

"ವಿಚಾರಿಸ್ತೀನಿ," ಎಂದ.

ತಾತ ಹೊರಗೆ ಹೋದರು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಶಾಲೆಯ ಸಭಾಂಗಣ ತುಂಬಿತ್ತು. ಬೇಕರಿಯವಳು ಬಂದಿದ್ದಳು, ನರ್ಸಮ್ಮ ಬಂದು ಹಿಂದೆ ನಿಂತಿದ್ದಳು. ತಾತ, ಸೊಸೆ ಮಧ್ಯದ ಸಾಲಿನಲ್ಲಿ, ಅವನು ಸಮವಸ್ತ್ರದಲ್ಲಿ ಮುಂದಿನ ಸಾಲಿನಲ್ಲಿ. ವೇದಿಕೆಯ ಮೇಲೆ ಮುಖ್ಯೋಪಾಧ್ಯಾಯಿನಿ, ಪಕ್ಕದಲ್ಲಿ ಕಂಪನಿಯ ಪ್ರಚಾರದ ಅಧಿಕಾರಿ. ಕೋಟಿನ ಮೇಲೆ ಎರಡೆಲೆಯ ಪಿನ್ನು. ಭೂಮಿ ನಮಗೆ ಸಾಲವಾಗಿ ಸಿಕ್ಕಿದೆ ಎಂದು ಅಧಿಕಾರಿ ಹೇಳಿದ, ಚಪ್ಪಾಳೆ ಬಿತ್ತು. ಅರವತ್ತಮೂರು ಸಾಮಾನು ಒಟ್ಟು ಮಾಡಿದ ಹುಡುಗಿಯನ್ನು ಕರೆದ. ಅವಳ ಕೈಗೆ ಹಸಿರು ಡಬ್ಬದಲ್ಲಿ ಒಂದು ದೀಪ ಕೊಟ್ಟ.

ಅವಳು ಡಬ್ಬ ಹಿಡಿದುಕೊಂಡೇ ಮೈಕಿನ ಹತ್ತಿರ ಹೋದಳು.

"ಸರ್, ಚಾಲೂ ಇರೋದನ್ನ ಇಲ್ಲದವರಿಗೆ ಕೊಡ್ತೀವಿ ಅಂತ ನಿಮ್ಮ ಕರಪತ್ರದಲ್ಲಿದೆ. ನಮ್ಮ ಬೀದಿಯ ಹನ್ನೆರಡು ಸಾಮಾನು ಗುಜರೀಲಿ ಸಿಕ್ತು. ವೈರು ಕತ್ತರಿಸಿದ್ರು. ನಮ್ಮ ತಾತ ವೈರು ಹಾಕಿದ್ರೆ ಹತ್ತು ಚಾಲೂ ಆದ್ವು. ಇದು ಯಾಕೆ ಹೀಗೆ?"

ಮುಖ್ಯೋಪಾಧ್ಯಾಯಿನಿ ಎದ್ದರು. ಅಧಿಕಾರಿ ಅವರಿಗೆ ಕೂರಲು ಹೇಳಿ ನಕ್ಕ. "ಒಳ್ಳೇ ಪ್ರಶ್ನೆ. ಇಂಥ ಮಕ್ಕಳೇ ಬೇಕು. ಆದರೆ ಮಗೂ, ನಮ್ಮಲ್ಲಿಗೆ ಬರುವಾಗಲೇ ಕೆಟ್ಟಿರೋದನ್ನ ಮಾತ್ರ ಕತ್ತರಿಸ್ತಾರೆ. ಪ್ರತಿಯೊಂದಕ್ಕೂ ದಾಖಲೆ ಇದೆ. ಗುಜರೀಲಿ ಬೇರೆ ಎಲ್ಲಿಂದಲೋ ಬಂದಿರಬಹುದು."

"ಅದು ನಮ್ಮದೇ ಇಸ್ತ್ರಿ ಪೆಟ್ಟಿಗೆ. ನನಗೆ ಗುರುತಿಲ್ವಾ?"

"ನನ್ನ ಮಾತು ಬೇಡ. ನಿಮ್ಮ ತಂದೆಯವರೇ ನಮ್ಮ ಗೋದಾಮಿನಲ್ಲಿ ಆರು ವರ್ಷದಿಂದ ಇದ್ದಾರೆ, ಇಲ್ಲೇ ಕೂತಿದ್ದಾರೆ. ಅವರನ್ನೇ ಕೇಳು. ನಿಮ್ಮಪ್ಪನಿಗಿಂತ ಬೇರೆ ಸಾಕ್ಷಿ ಬೇಕಾ?"

ಅವಳ ಮುಖ ಅರಳಿತು. ಅದನ್ನು ಅವನು ಕೆಳಗಿನಿಂದ ನೋಡಿದ. ವೇದಿಕೆಯ ಅಂಚಿಗೆ ಬಂದು, ಗೆದ್ದೇಬಿಟ್ಟವಳ ಹಾಗೆ, "ಅಪ್ಪ, ಎದ್ದು ಹೇಳು," ಎಂದಳು.

ಅವನು ಎದ್ದ. ಕುರ್ಚಿಗಳು ಕಿರುಗುಟ್ಟಿದವು, ಎಲ್ಲರೂ ತಿರುಗಿದರು. ಸೂಪರ್‌ವೈಸರ್ ಅದೇ ಸಾಲಿನ ತುದಿಯಲ್ಲಿ ಮೊಬೈಲು ಎತ್ತಿ ಹಿಡಿದಿದ್ದ.

"ನನ್ನದು ವಿಂಗಡಣೆ ಅಷ್ಟೇ," ಎಂದ. ಕೇಳಿಸಲಿಲ್ಲವೆಂದು ಯಾರೋ ಹಿಂದಿನಿಂದ ಕೂಗಿದರು. ಜೋರಾಗಿ ಹೇಳಿದ: "ಎಲ್ಲಾ ನಿಯಮದ ಪ್ರಕಾರವೇ ನಡೆಯುತ್ತೆ."

ಚಪ್ಪಾಳೆ ಮುಂದಿನ ಸಾಲಿನಿಂದ ಶುರುವಾಯಿತು. ತಾತ ಎದ್ದು, ಸಾಲಿನಲ್ಲಿದ್ದವರ ಮಂಡಿಗಳನ್ನು ದಾಟಿಕೊಂಡು ಹೊರಗೆ ನಡೆದರು. ಹುಡುಗಿ ದೀಪದ ಡಬ್ಬವನ್ನು ಅಧಿಕಾರಿಯ ಮುಂದಿನ ಮೇಜಿನ ಮೇಲೆ ಇಟ್ಟು ಮೆಟ್ಟಿಲಿಳಿದಳು. ನರ್ಸಮ್ಮ ಬಾಗಿಲಲ್ಲಿ ಅವಳ ಭುಜ ಹಿಡಿದು ಹೊರಗೆ ಕರೆದುಕೊಂಡು ಹೋದದ್ದನ್ನು ಅವನು ದೂರದಿಂದ ಕಂಡ.

ಮಧ್ಯಾಹ್ನ ಮನೆಯಲ್ಲಿ ಅನ್ನ, ಹುರಿದ ಆಲೂಗಡ್ಡೆ. ತಾತ ಜಗಲಿಯಲ್ಲೇ ತಟ್ಟೆ ತರಿಸಿಕೊಂಡರು. ಮೂವರು ಮೇಜಿಗೆ ಕುಳಿತರು.

"ಸೋಮವಾರದಿಂದ ನಾನು ನಿನ್ನ ಡಬ್ಬಿ ಕಟ್ಟಲ್ಲ," ಎಂದಳು ಮಗಳು. ದಿನವೂ ಅವನ ಊಟದ ಡಬ್ಬಿ ತುಂಬಿಸುತ್ತಿದ್ದವಳು ಅವಳೇ.

"ಯಾಕೆ ಈಗ ಅದು?" ಎಂದಳು ತಾಯಿ.

"ಅಪ್ಪ ಅಲ್ಲಿ ಮಾಡೋ ಕೆಲಸ ಏನು ಅಂತಾನೇ ನನಗೆ ಗೊತ್ತಿಲ್ಲ. ಎಷ್ಟು ಹಸಿವಾಗುತ್ತೆ ಅಂತ ಹೇಗೆ ಗೊತ್ತಾಗಬೇಕು?"

ಅವಳು ಅವನನ್ನೇ ನೋಡುತ್ತ ಕಾದಳು. ತಾಯಿಯೂ ಚಮಚ ಕೆಳಗಿಟ್ಟಳು. ಜಗಲಿಯಲ್ಲಿ ತಟ್ಟೆಯ ಸದ್ದು ನಿಂತಿತು. ಅವನು ಉಪ್ಪಿನ ಡಬ್ಬಿಯನ್ನು ಹತ್ತಿರ ಎಳೆದುಕೊಂಡ. ಹುಡುಗಿ ತನ್ನ ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು.

ಅವೆಲ್ಲ ಚಾಲೂ ಇದ್ದವು, ಕತ್ತರಿಸಿದವನು ನಾನು ಎಂದು ಅವನು ಅವಳಿಗೆ ಅಂದು ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.